ಡೂಮ್ ಮನೆಗಳಿಗೆ ಮಹಡಿ ಯಾಕಿಲ್ಲ?

ಎರಡು ವಾರದಿಂದ ರಾತ್ರಿ ಊಟ ಆದ್ಮೇಲೆ ಡೂಮ್ ಆಡ್ತಿದೀನಿ, ರಾಕ್ಷಸರಿಗೆ ಗುಂಡು ಹೊಡೀತಾ ಹೋಗೋ ಹಳೇ ಕಂಪ್ಯೂಟರ್ ಆಟ. ಐಡಿ ಸಾಫ್ಟ್‌ವೇರ್‌ನೋರು 1993ರ ಡಿಸೆಂಬರ್‌ನಲ್ಲಿ ಬಿಟ್ಟ ಮೂಲ ಲೆವೆಲ್‌ಗಳಲ್ಲ, ಆಮೇಲೆ ಆಟದ ಹುಚ್ಚು ಹಿಡಿದೋರು ಮನೇಲಿ ಕೂತು ತಾವೇ ಮಾಡಿದ್ದು. ಆಟದ ಪ್ರೋಗ್ರಾಂ ಬೇರೆ, ನಕ್ಷೆ-ಚಿತ್ರ-ಸದ್ದೆಲ್ಲಾ ವಾಡ್ ಅನ್ನೋ ಬೇರೆ ಫೈಲು, ಹಂಗಾಗಿ ಯಾರು ಬೇಕಾದ್ರೂ ಹೊಸ ವಾಡ್ ಮಾಡಿ ಜೋಡಿಸಬಹುದಿತ್ತು.

ಇದರಲ್ಲೊಂದು ಜಾತಿ ಇದೆ, ತಮ್ಮ ಸ್ವಂತ ಮನೇನೇ ಲೆವೆಲ್ ಮಾಡೋದು. ಅಡುಗೆಮನೆ, ಬಚ್ಚಲು, ಗ್ಯಾರೇಜು ಎಲ್ಲಾ ಇರುತ್ತೆ, ಸೋಫಾ ಹಿಂದೆ ಬೆಂಕಿ ಉಂಡೆ ಎಸೆಯೋ ಇಂಪ್ ನಿಂತಿರುತ್ತೆ. ಆದ್ರೆ ಮೆಟ್ಟಿಲು ಹತ್ತಿದ್ರೆ ಸಿಗೋ ರೂಮು ಹಾಲ್ ಮೇಲಿರಲ್ಲ, ಪಕ್ಕದಲ್ಲೆಲ್ಲೋ ಇರುತ್ತೆ! ಮಾಡಿದೋರ ತಪ್ಪಲ್ಲ ಅದು. ಡೂಮ್ ನಕ್ಷೆ ಅಂದ್ರೆ ಇಂಜಿನಿಯರ್ ಹಾಳೆ ಮೇಲೆ ಬರೆಯೋ ಮನೆ ಪ್ಲಾನ್ ಅಷ್ಟೇ, ಒಂದೊಂದು ಜಾಗಕ್ಕೂ ಒಂದೇ ನೆಲದ ಎತ್ತರ, ಒಂದೇ ಚಾವಣಿ ಎತ್ತರ.

ಹಂಗ್ಯಾಕೆ ಅಂದ್ರೆ ಸ್ಪೀಡು. ಆಗಿನ 386, 486 ಕಂಪ್ಯೂಟರ್‌ಗೆ ಯಾವ ಗೋಡೆ ಮುಂದೆ, ಯಾವ್ದು ಹಿಂದೆ ಅಂತ ಪ್ರತಿ ಸಲ ಹುಡುಕ್ತಾ ಕೂರೋಕಾಗಲ್ಲ. ಐಡಿಯ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಇದಕ್ಕೆ ಬಿಎಸ್‌ಪಿ (ಬೈನರಿ ಸ್ಪೇಸ್ ಪಾರ್ಟಿಶನಿಂಗ್, ಅಂದ್ರೆ ಜಾಗಾನ ಎರಡೆರಡಾಗಿ ಸೀಳೋದು) ಅನ್ನೋ ಉಪಾಯ ತಂದ್ರು, ಅವರು ಕಂಡುಹಿಡಿದಿದ್ದಲ್ಲ, ಫುಕ್ಸ್, ಕೆಡೆಮ್, ನೇಲರ್ ಅನ್ನೋ ಮೂವರು 1980ರಲ್ಲೇ ಪ್ರಕಟಿಸಿದ್ರು. ಪ್ಲಾನ್ ಮೇಲೆ ಒಂದು ಗೋಡೆ ಗುಂಟ ಗೆರೆ ಎಳೆದು ಎರಡು ಭಾಗ ಮಾಡಿ, ಒಂದೊಂದು ಭಾಗಾನೂ ಮತ್ತೆ ಸೀಳಿ, ಹಿಂಗೇ ಮಾಡ್ತಾ ಹೋದ್ರೆ ಕೊನೆಗೆ ಒಳಗೆ ಎಲ್ಲಿ ನಿಂತ್ರೂ ಯಾವ ಮೂಲೆನೂ ಮರೆಯಾಗದ ತುಂಡುಗಳು ಉಳಿಯುತ್ತೆ. ಈ ಕೆಲಸ ಲೆವೆಲ್ ಮಾಡುವಾಗಲೇ ಮುಗಿದಿರುತ್ತೆ. ಆಡುವಾಗ ಒಂದೊಂದು ಗೆರೆ ಹತ್ರನೂ "ನಾನು ಈ ಕಡೆಯಾ, ಆ ಕಡೆಯಾ" ಅಂತ ಕೇಳ್ತಾ ಹೋದ್ರೆ ಸಾಕು, ಹತ್ತಿರದ್ದು ಮೊದಲು ದೂರದ್ದು ಆಮೇಲೆ ಅನ್ನೋ ಸಾಲು ತಾನಾಗೇ ಬರುತ್ತೆ.

ಗೆರೆಗಳು ಮೊದಲೇ ನಿಕ್ಕಿ ಆಗಿರೋದ್ರಿಂದ ಗೋಡೆ ಅಡ್ಡಡ್ಡ ಜರುಗಲ್ಲ, ಎತ್ತರ ಮಾತ್ರ ಬದಲಾಗಬಹುದು. ನಿಮಗೆ ಗೊತ್ತಾ, ಡೂಮ್‌ನಲ್ಲಿ ಬಾಗಿಲು ಅಂದ್ರೆ ಮೇಲೆ ಹೋಗೋ ಚಾವಣಿ! ಇದು ಗೊತ್ತಾದ್ಮೇಲೆ ನಂಗೆ ಆ ಬಾಗಿಲುಗಳನ್ನ ಬಾಗಿಲು ಅಂತ ನೋಡೋಕೇ ಆಗ್ತಿಲ್ಲ.

ಇನ್ನೊಂದು ಕಾಟ ವಿಸ್‌ಪ್ಲೇನ್. ಕಣ್ಣಿಗೆ ಬೀಳೋ ನೆಲ, ಚಾವಣಿಗಳನ್ನ ಎತ್ತರ, ಮೇಲೆ ಅಂಟಿಸಿದ ಚಿತ್ರ, ಬೆಳಕು ನೋಡಿ ಗುಂಪು ಮಾಡಿ ಇಟ್ಕೊಳ್ಳೋಕೆ ಮೂಲ ಪ್ರೋಗ್ರಾಂನಲ್ಲಿ 128 ಜಾಗ ಅಷ್ಟೇ ಇತ್ತು, 129ನೇದು ಬೇಕಾಯ್ತು ಅಂದ್ರೆ ಆಟ ಅಲ್ಲೇ ನಿಂತು ಡಾಸ್‌ಗೆ (ಆಗಿನ ಕಂಪ್ಯೂಟರ್‌ನ ಕಮಾಂಡ್ ಟೈಪ್ ಮಾಡೋ ಪರದೆಗೆ) ವಾಪಸ್. ಅದಕ್ಕೇ ಹಳೇ ಲೆವೆಲ್‌ಗಳಲ್ಲಿ ದೊಡ್ಡ ಅಂಗಳ ಬಂತು ಅನ್ನೋಷ್ಟರಲ್ಲಿ ಅಡ್ಡಕ್ಕೊಂದು ಗೋಡೆ, ಇಲ್ಲಾಂದ್ರೆ ಒಂದು ತಿರುವು. ಮೊದಲು ನಾನು ಅದನ್ನ ಹೆದರಿಸೋಕೆ ಇಟ್ಟಿದ್ದು ಅಂತ್ಲೇ ಅಂದ್ಕೊಂಡಿದ್ದೆ, ಈಗ ನೋಡಿದ್ರೆ ಎಷ್ಟೋ ಕಡೆ ಲೆಕ್ಕ ಉಳಿಸೋಕೂ ಇರಬಹುದು ಅನ್ಸುತ್ತೆ.

1997ರ ಡಿಸೆಂಬರ್‌ನಲ್ಲಿ ಐಡಿಯೋರು ಸೋರ್ಸ್ ಕೋಡ್, ಅಂದ್ರೆ ಆಟದ ಪ್ರೋಗ್ರಾಂ ಬರೆದಿದ್ದನ್ನೇ ಎಲ್ಲರಿಗೂ ಬಿಟ್ಟಿದ್ದೇ ತಡ, ಜನ ಆ ಮಿತಿಗಳನ್ನೆಲ್ಲಾ ಕಿತ್ತುಹಾಕಿದ್ರು. 2023ರಲ್ಲಿ ಮೈಹೌಸ್ ಅಂತ ಒಂದು ವಾಡ್ ಬಂತು, ನೋಡೋಕೆ ಅದೇ ಹಳೇ ಕಾಲದ "ನಮ್ಮನೆ" ಲೆವೆಲ್ ಥರ. ಆದ್ರೆ ಇದರಲ್ಲಿ ಮಹಡಿ ಹಾಲ್ ಮೇಲೇ ಇರೋ ಹಂಗೆ ಅನ್ಸುತ್ತೆ, ಯಾಕಂದ್ರೆ ಮೆಟ್ಟಿಲು ಹತ್ತುವಾಗ ಸದ್ದಿಲ್ಲದೆ ನಿಮ್ಮನ್ನ ನಕ್ಷೆಯ ಇನ್ನೊಂದು ಕಡೆ ಎತ್ತಿ ಹಾಕಿರ್ತಾರೆ.