192 ಕಿಲೋಹರ್ಟ್ಸ್ ಇದ್ದರೆ ದನಿ ನುಣುಪಾಗುತ್ತಾ?

ಪ್ರಶ್ನೆ: ಮನೆಯಲ್ಲೇ ಭಾವಗೀತೆ ಹಾಡಿ ರೆಕಾರ್ಡ್ ಮಾಡುತ್ತೇನೆ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ನನ್ನ ಆಡಿಯೊ ಇಂಟರ್‌ಫೇಸ್ 48 ಕಿಲೋಹರ್ಟ್ಸ್‌ಗೇ ನಿಲ್ಲುತ್ತದೆ. 192 ಇರುವುದು ತಗೊಂಡರೆ ದನಿ ಇನ್ನೂ ನುಣುಪಾಗಿ ಬರುತ್ತದೆಯೇ?

ಇಲ್ಲ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಅದಕ್ಕೇ ಈ ಸಲ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ. 48 ಕಿಲೋಹರ್ಟ್ಸ್ ಅಂದರೆ ನಿಮ್ಮ ಡಬ್ಬಿ ಸದ್ದನ್ನು ಸೆಕೆಂಡಿಗೆ 48,000 ಸಲ ಅಳೆಯುತ್ತದೆ ಅಂತ; ಆ ಒಂದೊಂದು ಅಳತೆಗೆ ಸ್ಯಾಂಪಲ್ ಅನ್ನುತ್ತಾರೆ.

ಈ ನಂಬಿಕೆ ಹುಟ್ಟಿದ್ದು ಒಂದು ಚಿತ್ರದಿಂದ. ನೀವೂ ನೋಡಿರುತ್ತೀರಿ. ನುಣುಪಾದ ಒಂದು ಅಲೆ, ಅದರ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಎಳೆದ ಡಿಜಿಟಲ್ ಗೆರೆ. ಸ್ಯಾಂಪಲ್ ಜಾಸ್ತಿ ಆದರೆ ಮೆಟ್ಟಿಲು ಸಣ್ಣದಾಗುತ್ತೆ, ದನಿ ನಯವಾಗುತ್ತೆ ಅಂತ ಯಾರಿಗಾದರೂ ಅನಿಸುತ್ತದೆ. ಆದರೆ ಇಂಟರ್‌ಫೇಸಿನಿಂದ ಹೊರಬರುವ ಸದ್ದಿನಲ್ಲಿ ಆ ಮೆಟ್ಟಿಲುಗಳೇ ಇಲ್ಲ! ಸ್ಯಾಂಪಲ್ ಅಂದರೆ ಆ ಕ್ಷಣದ ಒಂದು ಅಳತೆ, ಒಂದು ಚುಕ್ಕಿ ಅಷ್ಟೇ. ಹೈಸ್ಕೂಲ್ ರೇಖಾಗಣಿತ ನೆನಪಿದೆಯಾ? ಒಂದೇ ಗೆರೆಯ ಮೇಲಿಲ್ಲದ ಮೂರು ಚುಕ್ಕಿ ಕೊಟ್ಟರೆ ಅವುಗಳ ಮೂಲಕ ಹಾಯುವ ವೃತ್ತ ಒಂದೇ ಒಂದು. ಅದೇ ವೃತ್ತದ ಮೇಲೆ ಇನ್ನೂ ಮೂವತ್ತು ಚುಕ್ಕಿ ಇಟ್ಟರೂ ಅದು ಹೆಚ್ಚು ದುಂಡಗಾಗುವುದಿಲ್ಲ. ಅಲೆಯ ಲೆಕ್ಕವೂ ಹಾಗೇ. ಸದ್ದಿನೊಳಗಿನ ಅತಿ ಎತ್ತರದ ಕಂಪನಾಂಕದ ಎರಡು ಪಟ್ಟಿಗಿಂತ ಜಾಸ್ತಿ ಸಲ ಅಳೆದಿದ್ದರೆ, ಆ ಚುಕ್ಕಿಗಳಿಗೆ ಹೊಂದುವ ಅಲೆ ಒಂದೇ ಇರುತ್ತದೆ. 1949ರಲ್ಲೇ ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ ಇದನ್ನು ಗಣಿತದಲ್ಲಿ ಸಾಧಿಸಿ ತೋರಿಸಿದ್ದಾರೆ. ಎಡಿಟರಿನಲ್ಲಿ ಜೂಮ್ ಮಾಡಿದಾಗ ಕಾಣುವ ಚೂಪು ಮೂಲೆಗಳು ಸಾಫ್ಟ್‌ವೇರ್ ನಮ್ಮ ಕಣ್ಣಿಗೋಸ್ಕರ ಎಳೆದ ಗೆರೆಗಳು. ಸ್ಪೀಕರಿಗೆ ಹೋಗುವ ಮೊದಲು ಇಂಟರ್‌ಫೇಸಿನ ಫಿಲ್ಟರ್ ಆ ಚುಕ್ಕಿಗಳಿಂದ ಪೂರ್ತಿ ನುಣುಪಾದ ಅಲೆಯನ್ನೇ ಕಟ್ಟಿಕೊಡುತ್ತದೆ.

ನಮ್ಮ ಕಿವಿ ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗೆ ಕೇಳುತ್ತದೆ, ವಯಸ್ಸಾದಂತೆ ಅದೂ ಇಳಿಯುತ್ತದೆ. 48ರಲ್ಲಿ ಹಿಡಿದರೆ ಅಷ್ಟೂ ಸಿಕ್ಕಿ ಇನ್ನೂ ಸ್ವಲ್ಪ ಉಳಿಯುತ್ತದೆ. 192ರಲ್ಲಿ ಹೊಸದಾಗಿ ಸಿಗುವುದು ಬಾವಲಿಗಳ ಕೂಗಿನಂಥ, ನಮಗೆ ಕೇಳದ ಸದ್ದು. ಬಾವಲಿಗಳ ಅಧ್ಯಯನ ಮಾಡುವವರಿಗೆ ಅದು ಬೇಕೇ ಬೇಕು. ಭಾವಗೀತೆಗೆ ಬೇಡ.

ನನ್ನ ಮಾತು ನಂಬಬೇಡಿ, ನೀವೇ ನೋಡಿ. 96 ಇರುವ ಇಂಟರ್‌ಫೇಸ್ ಯಾರ ಹತ್ತಿರವಾದರೂ ಇದ್ದರೆ ಅದರಲ್ಲಿ ಒಂದು ಪಲ್ಲವಿ ಹಾಡಿ ರೆಕಾರ್ಡ್ ಮಾಡಿ. ಅದರ ಒಂದು ಪ್ರತಿಯನ್ನು 48ಕ್ಕೆ ಇಳಿಸಿ, ತಿರುಗಿ 96ಕ್ಕೆ ಏರಿಸಿ. ಎರಡನ್ನೂ ಸರಿಯಾಗಿ ಜೋಡಿಸಿ, ಒಂದನ್ನು ಇನ್ವರ್ಟ್ ಮಾಡಿ (ಅಂದರೆ ಅಲೆಯನ್ನು ತಲೆಕೆಳಗಾಗಿಸಿ) ಒಟ್ಟಿಗೆ ಪ್ಲೇ ಮಾಡಿ. ಎರಡರಲ್ಲೂ ಒಂದೇ ಆಗಿರುವುದೆಲ್ಲ ಅಳಿಸಿಹೋಗಿ, ವ್ಯತ್ಯಾಸ ಮಾತ್ರ ಉಳಿಯುತ್ತದೆ. ಏನು ಕೇಳಿಸಿತು? ಏನೂ ಇಲ್ಲ, ಅಲ್ವಾ? ಉಳಿದದ್ದೆಲ್ಲ ಕಿವಿಗೆ ನಿಲುಕದಷ್ಟು ಮೇಲಿದೆ.

ಇಷ್ಟಕ್ಕೂ 192 ಅನ್ನೋದು ದೊಡ್ಡ ಸ್ಟುಡಿಯೋಗಳ ಸೊತ್ತೇನಲ್ಲ, ಸ್ಕಾರ್ಲೆಟ್ ಸೋಲೋದಂಥ ಪುಟ್ಟ ಡಬ್ಬಿಯಲ್ಲೂ ಇದೆ. ನೀವು ನೋಡಬೇಕಾದದ್ದು ನಿಮ್ಮ ಡಬ್ಬಿಯಲ್ಲಿ 24 ಬಿಟ್ ಇದೆಯಾ ಅಂತ. ಒಂದೊಂದು ಅಳತೆಯನ್ನೂ ಎಷ್ಟು ಸೂಕ್ಷ್ಮವಾಗಿ ಬರೆದಿಡುತ್ತೆ ಅನ್ನುವ ಲೆಕ್ಕ ಅದು. 24 ಇದ್ದರೆ ಗೇನ್ (ಮೈಕಿನ ಸದ್ದನ್ನು ಹಿಗ್ಗಿಸುವ ಗುಂಡಿ) ಸ್ವಲ್ಪ ಕಡಿಮೆಯೇ ಇಟ್ಟು, ಜೋರಾಗಿ ಹಾಡಿದಾಗಲೂ ಮೀಟರ್ −12 ಡೆಸಿಬೆಲ್ ಆಸುಪಾಸಿನಲ್ಲಿರುವಂತೆ ನೋಡಿಕೊಳ್ಳಿ. ತಾರಸ್ಥಾಯಿಗೆ ಹೋದಾಗ ರೆಕಾರ್ಡಿಂಗಿನಲ್ಲಿ ದನಿ ಒಡೆಯುವುದಿಲ್ಲ.

"192 ಹಾಕಿದರೆ ಹೆಡ್‌ಫೋನಿನಲ್ಲಿ ದನಿ ತಡವಾಗಿ ಬರೋದು ಕಡಿಮೆಯಾಗುತ್ತಂತೆ" ಅನ್ನುವವರೂ ಇದ್ದಾರೆ. ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಸ್ಯಾಂಪಲ್ಲುಗಳ ಗುಂಪಿಗೆ ಬಫರ್ ಅನ್ನುತ್ತಾರೆ. 256 ಸ್ಯಾಂಪಲ್ಲಿನ ಬಫರ್ 48ರಲ್ಲಿ ಸುಮಾರು 5.3 ಮಿಲಿಸೆಕೆಂಡ್, 192ರಲ್ಲಿ 1.3. ಲೆಕ್ಕವೇನೋ ಸರಿ. ಆದರೆ ಸೆಕೆಂಡಿಗೆ ನಾಲ್ಕು ಪಟ್ಟು ಸ್ಯಾಂಪಲ್ ಅರೆಯಬೇಕಾದ ಲ್ಯಾಪ್‌ಟಾಪ್ ಚಟಪಟ ಸದ್ದು ಮಾಡಲು ಶುರು ಮಾಡುತ್ತೆ, ಅದನ್ನು ನಿಲ್ಲಿಸೋಕೆ ನೀವು ಬಫರ್ ಜಾಸ್ತಿ ಮಾಡುತ್ತೀರಿ, ಅಲ್ಲಿಗೆ ಗಳಿಸಿದ್ದೆಲ್ಲ ಹೋಯಿತು. ಫೈಲೂ ಅಷ್ಟೇ. 24 ಬಿಟ್ಟಿನ ಒಂದು ಟ್ರ್ಯಾಕ್ ನಿಮಿಷಕ್ಕೆ 8.6 ಎಂಬಿ ಇದ್ದದ್ದು 34.6 ಆಗುತ್ತದೆ. ಅದರ ಬದಲು ಇಂಟರ್‌ಫೇಸಿನಲ್ಲಿ ಡೈರೆಕ್ಟ್ ಮಾನಿಟರ್ ಬಟನ್ ಇದೆಯಾ ನೋಡಿ. ಅದನ್ನು ಒತ್ತಿದರೆ ಮೈಕಿನ ಸದ್ದು ಕಂಪ್ಯೂಟರಿಗೆ ಹೋಗಿ ಬರುವುದಕ್ಕೆ ಕಾಯದೆ ನೇರ ಹೆಡ್‌ಫೋನಿಗೆ ಬರುತ್ತದೆ. ಆಗ ಸಾಫ್ಟ್‌ವೇರಿನಲ್ಲಿ ಆ ಟ್ರ್ಯಾಕಿನ ಮಾನಿಟರಿಂಗ್ ಆಫ್ ಮಾಡಿ, ಇಲ್ಲದಿದ್ದರೆ ನಿಮ್ಮ ದನಿ ಎರಡೆರಡು ಸಲ ಕೇಳುತ್ತದೆ. ಹೆಡ್‌ಫೋನ್ ಮಾತ್ರ ವೈರ್ ಇರುವುದೇ ಆಗಬೇಕು, ಬ್ಲೂಟೂತಿನಲ್ಲಿ ತಾಳಕ್ಕೆ ಸರಿಯಾಗಿ ಹಾಡೋಕೆ ಆಗಲ್ಲ.