ಅರ್ಧದಲ್ಲಿ ನೆಟ್ ಹೋದರೆ ಎಐ ಮಾಡುತ್ತಿದ್ದ ಕೆಲಸ ಏನಾಗುತ್ತದೆ?

ಪ್ರಶ್ನೆ: ಮೂಡಿಗೆರೆ ಹತ್ತಿರದ ನಮ್ಮ ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ಕೆಲಸ ಮಾಡುತ್ತೇನೆ. ಟರ್ಮಿನಲ್‌ನಲ್ಲಿ (ಕಮಾಂಡ್ ಬರೆಯುವ ಪರದೆಯಲ್ಲಿ) ಓಡುವ ಎಐ ಉಪಕರಣಕ್ಕೆ ಒಂದು ಕೆಲಸ ಹೇಳಿರುತ್ತೇನೆ, ಅರ್ಧದಲ್ಲಿ ನೆಟ್ ಹೋಗುತ್ತದೆ. ಅದುವರೆಗಿನ ಕೆಲಸ ಹಾಳಾದಂತೆಯೇ? ಮೊದಲಿನಿಂದ ಶುರು ಮಾಡಬೇಕೇ?

ಉತ್ತರ: ಹಾಳಾಗುವುದಿಲ್ಲ, ಮೊದಲಿನಿಂದ ಶುರು ಮಾಡುವುದೂ ಬೇಡ. ಆದರೆ ನೆಟ್ ಬಂದ ಕೂಡಲೇ ‘ಮುಂದುವರಿಸು’ ಎಂದು ಬರೆದುಬಿಡಬೇಡಿ. ನೆಟ್ ಹೋದದ್ದರಿಂದ ಆಗುವ ನಷ್ಟಕ್ಕಿಂತ ಈ ಅವಸರದಿಂದ ಆಗುವ ನಷ್ಟ ದೊಡ್ಡದು.

ಕ್ಲಾಡ್ ಕೋಡ್, ಕೋಡೆಕ್ಸ್, ಜೆಮಿನಿ ಸಿಎಲ್‌ಐ ಮೊದಲಾದ ಉಪಕರಣಗಳಲ್ಲಿ ಲೆಕ್ಕ ಹಾಕುವ ಎಐ ಮಾದರಿ (ಮಾಡೆಲ್) ಎಲ್ಲೋ ದೂರದ ಡೇಟಾ ಸೆಂಟರ್‌ನಲ್ಲಿರುತ್ತದೆ. ಅದು ಹೇಳಿದಂತೆ ಫೈಲ್ ತೆರೆದು ತಿದ್ದುವ, ಕಮಾಂಡ್ ಓಡಿಸುವ ಪ್ರೋಗ್ರಾಂ ಇರುವುದು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ. ಹಾಗಾಗಿ ನೆಟ್ ಹೋಗುವ ಮುಂಚೆ ತಿದ್ದಿದ ಫೈಲ್‌ಗಳು ನಿಮ್ಮ ಡಿಸ್ಕ್‌ನಲ್ಲೇ ಭದ್ರವಾಗಿರುತ್ತವೆ. ಮಾತುಕತೆಯ ದಾಖಲೆಯೂ ಅಲ್ಲೇ ಉಳಿಯುತ್ತದೆ. ಕ್ಲಾಡ್ ಕೋಡ್‌ನಲ್ಲಾದರೆ ‘ರೆಸ್ಯೂಮ್’ ಆಯ್ಕೆ ಕೊಟ್ಟರೆ ನಿಂತಲ್ಲಿಂದ ತೆರೆದುಕೊಳ್ಳುತ್ತದೆ.

ಅಪಾಯ ಇರುವುದು ಅರ್ಧಂಬರ್ಧ ಮುಗಿದ ಕೆಲಸದಲ್ಲಿ. ಐದು ಫೈಲ್‌ಗಳಲ್ಲಿ ಒಂದು ಫಂಕ್ಷನ್ನಿನ (ಒಂದು ಕೆಲಸ ಮಾಡುವ ಕೋಡ್ ತುಣುಕಿನ) ಹೆಸರು ಬದಲಿಸಲು ಹೇಳಿದ್ದೀರಿ ಎಂದುಕೊಳ್ಳಿ. ಮೂರರಲ್ಲಿ ಬದಲಾಗುವಷ್ಟರಲ್ಲಿ ನೆಟ್ ಹೋಯಿತು. ಮರಳಿ ಬಂದ ಮೇಲೆ ಹೊಸ ಮಾತುಕತೆ ತೆರೆದು ‘ಟೆಸ್ಟ್ (ಕೋಡ್ ಸರಿಯಿದೆಯೇ ಎಂದು ನೋಡುವ ಪರೀಕ್ಷೆ) ಏಕೆ ಬೀಳುತ್ತಿದೆ ನೋಡು’ ಎಂದು ಕೇಳಿದರೆ, ಹಿಂದಿನದೇನೂ ತಿಳಿಯದ ಆ ಉಪಕರಣ ಬಾಕಿ ಎರಡು ಫೈಲ್‌ಗಳನ್ನು ತಿದ್ದುವ ಬದಲು ಹಳೆಯ ಹೆಸರಿಗೂ ಒಂದು ಫಂಕ್ಷನ್ ಬರೆದು ತೇಪೆ ಹಾಕಬಹುದು. ಟೆಸ್ಟ್ ಪಾಸಾಗುತ್ತದೆ, ನಿಮಗೂ ಸಮಾಧಾನ. ಆರು ತಿಂಗಳ ಬಳಿಕ ಯಾರಾದರೂ ಆ ಕೋಡ್ ಓದಿದರೆ ಎರಡು ಹೆಸರು ಏಕೆಂದು ತಲೆ ಕೆರೆದುಕೊಳ್ಳುತ್ತಾರೆ.

ಆದ್ದರಿಂದ ಕೋಡ್‌ನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್‌ನಲ್ಲಿ ಮೊದಲು ‘ಗಿಟ್ ಸ್ಟೇಟಸ್’ (ಯಾವ ಫೈಲ್ ಬದಲಾಗಿದೆ), ನಂತರ ‘ಗಿಟ್ ಡಿಫ್’ (ಯಾವ ಸಾಲು ಬದಲಾಗಿದೆ). ಬದಲಾದ ಸಾಲುಗಳನ್ನು ನೀವೇ ಓದಿ. ಸರಿಯಿದ್ದರೆ ಅಷ್ಟನ್ನು ಕಮಿಟ್ ಮಾಡಿ (ಗಿಟ್‌ನಲ್ಲಿ ದಾಖಲಿಸಿ), ‘ಈ ಮೂರು ಆಗಿದೆ, ಈ ಎರಡು ಬಾಕಿ’ ಎಂದು ಬಿಡಿಸಿ ಹೇಳಿ. ಸರಿಯಿಲ್ಲದಿದ್ದರೆ ಹಿಂದಿನ ಕಮಿಟ್‌ಗೆ ಮರಳಿ. ಇದಕ್ಕೆಲ್ಲ ಕೆಲಸ ಕೊಡುವ ಮುಂಚೆ ಒಂದು ಕಮಿಟ್ ಇರಲೇಬೇಕು. ಇಲ್ಲದಿದ್ದರೆ ನೀವು ಬರೆದದ್ದು ಯಾವುದು, ಎಐ ಬರೆದದ್ದು ಯಾವುದು ಎಂದು ಬೇರ್ಪಡಿಸುವುದೇ ದಿನದ ಕೆಲಸವಾಗುತ್ತದೆ.

ಡೇಟಾಬೇಸ್‌ನ ಮಾತು ಬೇರೆ. ಅದನ್ನು ಗಿಟ್ ಹಿಂದಕ್ಕೆ ತರಲಾರದು. ಟೇಬಲ್ ರಚನೆ ಬದಲಿಸುವ ಮೈಗ್ರೇಶನ್ ನಡುವೆ ಸಂಪರ್ಕ ಕಡಿದರೆ, ಎಲ್ಲವನ್ನೂ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ (ಆದರೆ ಎಲ್ಲವೂ, ಇಲ್ಲದಿದ್ದರೆ ಏನೂ ಇಲ್ಲ ಎಂಬ ಕಟ್ಟಿನಲ್ಲಿ) ಇಟ್ಟಿದ್ದ ಪೋಸ್ಟ್‌ಗ್ರೆಸ್ ಡೇಟಾಬೇಸ್ ಪೂರ್ತಿ ಹಿಂದೆ ಸರಿಯುತ್ತದೆ. ಮೈಎಸ್‌ಕ್ಯೂಎಲ್ ಅಂಥ ಪ್ರತಿ ಬದಲಾವಣೆಯನ್ನೂ ಆಗಿಂದಾಗಲೇ ಕಮಿಟ್ ಮಾಡುತ್ತದೆ, ಅರ್ಧ ಆಗಿದ್ದು ಅರ್ಧವಾಗಿಯೇ ನಿಲ್ಲುತ್ತದೆ. ಆರಿದ್ರಾ ಮಳೆ ಹಿಡಿದಿರುವ ದಿನ ಮೈಗ್ರೇಶನ್ ಓಡಿಸುವ ಅನುಮತಿಯನ್ನು ಎಐಗೆ ಕೊಡಬೇಡಿ ಎನ್ನುವುದು ನನ್ನ ಸಲಹೆ. ಬಿಸಿಲಿನ ದಿನವೂ ಯೋಚಿಸಿಯೇ ಕೊಡಿ.

ಕಂಪನಿಯ ಸರ್ವರ್‌ಗೆ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್‌ಗೆ ಸುರಕ್ಷಿತ ಸಂಪರ್ಕ) ಮೂಲಕ ಹೋಗಿ ಅಲ್ಲಿ ಉಪಕರಣ ಓಡಿಸುವವರಿಗೆ ಇನ್ನೊಂದು ತೊಡಕಿದೆ. ಸಂಪರ್ಕ ಕಡಿದರೆ ಆ ಟರ್ಮಿನಲ್‌ನಲ್ಲಿ ಓಡುತ್ತಿದ್ದ ಪ್ರೋಗ್ರಾಂ ಸಾಮಾನ್ಯವಾಗಿ ನಿಂತೇಹೋಗುತ್ತದೆ. ಇದಕ್ಕೆ ಮದ್ದು ಟಿಮಕ್ಸ್. 2007ರಿಂದ ಇರುವ ಈ ಪುಟ್ಟ ಪ್ರೋಗ್ರಾಂ ಟರ್ಮಿನಲ್ಲನ್ನು ಸರ್ವರ್‌ನಲ್ಲೇ ಜೀವಂತ ಇಟ್ಟಿರುತ್ತದೆ. ನಿಮ್ಮ ಕಡೆ ನೆಟ್ ಹೋದರೂ ಅಲ್ಲಿ ಕೆಲಸ ನಡೆಯುತ್ತಿರುತ್ತದೆ. ಮರಳಿ ಬಂದು ‘ಟಿಮಕ್ಸ್ ಅಟ್ಯಾಚ್’ ಎಂದರೆ ಪರದೆ ಹಾಗೆಯೇ ಕಾಣಿಸುತ್ತದೆ. ಎಸ್‌ಎಸ್‌ಎಚ್ ಬದಲು ಮೋಶ್ ಬಳಸಿದರೆ ವೈಫೈ ಬಿಟ್ಟು ಮೊಬೈಲ್ ನೆಟ್‌ಗೆ ಹಾರಿದರೂ ಸಂಪರ್ಕ ತಾನಾಗಿಯೇ ಕೂಡಿಕೊಳ್ಳುತ್ತದೆ. ಆದರೆ ಅದಕ್ಕೆ ಸರ್ವರ್‌ನಲ್ಲಿ ಯುಡಿಪಿ ಪೋರ್ಟ್ (ಡೇಟಾ ಒಳಬರುವ ಒಂದು ಬಗೆಯ ಬಾಗಿಲು) ತೆರೆದಿರಬೇಕು. ಅದಕ್ಕೆ ಒಪ್ಪದ ಕಚೇರಿಗಳೂ ಇವೆ.

ಟಿಮಕ್ಸ್ ಹಾಕಿದವರನ್ನು ಕಾಡುವ ತಮಾಷೆಯೊಂದಿದೆ. ಎರಡು ಗಂಟೆ ಬಿಟ್ಟು ನೆಟ್ ಬಂದಾಗ ಕೆಲಸ ಮುಗಿದಿರುತ್ತದೆ ಎಂದು ಆಸೆಯಿಂದ ತೆರೆದರೆ, ಅದು ‘ಟೆಸ್ಟ್ ಓಡಿಸಲೇ?’ ಎಂದು ಅಂದಿನಿಂದಲೂ ಕಾಯುತ್ತ ಕೂತಿರುತ್ತದೆ. ಸಿಟ್ಟಿನಲ್ಲಿ ‘ಏನೂ ಕೇಳಬೇಡ’ ಎಂಬ ವಿಧಾನಕ್ಕೆ ಹೋಗುವವರಿದ್ದಾರೆ. ನೀವು ಪರದೆಯ ಮುಂದೆ ಇರುವುದಿಲ್ಲ ಎಂದು ಗೊತ್ತಿರುವ ಊರಿನಲ್ಲಿ ಅದು ಸಲ್ಲದು. ಫೈಲ್ ಓದುವ, ಹುಡುಕುವ, ಟೆಸ್ಟ್ ಓಡಿಸುವ ಕಮಾಂಡ್‌ಗಳಿಗೆ ಮುಂಚಿತವಾಗಿಯೇ ಒಪ್ಪಿಗೆ ಕೊಟ್ಟಿಡಿ. ಅಳಿಸುವುದು, ಪುಶ್ ಮಾಡುವುದು (ಕಮಿಟ್‌ಗಳನ್ನು ಸರ್ವರ್‌ಗೆ ಕಳುಹಿಸುವುದು), ಡೇಟಾಬೇಸ್ ಮುಟ್ಟುವುದು ನಿಮ್ಮನ್ನು ಕೇಳಿಯೇ ಆಗಲಿ.

ಸಿಗ್ನಲ್ ಪೂರ್ತಿ ಹೋಗದೆ ಒಂದೇ ಕಡ್ಡಿಗೆ ಇಳಿದಾಗ ಇನ್ನೊಂದು ಉಪಾಯ: ಮಾತುಕತೆಯನ್ನು ಚಿಕ್ಕದಾಗಿಡಿ. ಪ್ರತಿ ಸುತ್ತಿನಲ್ಲೂ ಉಪಕರಣ ಸಾಮಾನ್ಯವಾಗಿ ಅದುವರೆಗಿನ ಇಡೀ ಮಾತುಕತೆಯನ್ನೇ ಮಾದರಿಗೆ ಮತ್ತೆ ಕಳುಹಿಸುತ್ತದೆ. ಬೆಳಿಗ್ಗೆಯಿಂದ ಎಳೆದ ಮಾತುಕತೆ ನೂರಾರು ಕಿಲೋಬೈಟ್ ಆಗಿರಬಹುದು, ಹಳ್ಳಿಯ ಅಪ್‌ಲೋಡ್ ವೇಗಕ್ಕೆ ಅದು ಭಾರ. ಒಂದು ಕೆಲಸ ಮುಗಿದೊಡನೆ ಹೊಸದನ್ನು ತೆರೆಯಿರಿ. ಮನೆಗೆ ಯುಪಿಎಸ್ ಇಲ್ಲದಿದ್ದರೆ ರೂಟರ್‌ಗೆಂದೇ ಸಿಗುವ ಪುಟ್ಟ ಯುಪಿಎಸ್ ಕೊಳ್ಳಿ. ಕರೆಂಟ್ ಲೈನ್ ಮೇಲೆ ಮರ ಬಿದ್ದ ದಿನ ಫೈಬರ್ ಸರಿಯಿದ್ದೂ ರೂಟರ್ ಸತ್ತಿರುವುದೇ ಹೆಚ್ಚು.

ನೆಟ್ ಬೇಡದ ಮಾದರಿಗಳೂ ಇವೆ. ಮಾದರಿಗಳನ್ನು ಸ್ವಂತ ಕಂಪ್ಯೂಟರ್‌ನಲ್ಲೇ ಓಡಿಸುವ ಒಲ್ಲಾಮಾ ಬಳಸಿ ಏಳು ನೂರು ಕೋಟಿ ಪ್ಯಾರಾಮೀಟರ್‌ಗಳ ಸಣ್ಣ ಮಾದರಿಯನ್ನು 8 ಜಿಬಿ ರ್‍ಯಾಮ್ ಇರುವ ಲ್ಯಾಪ್‌ಟಾಪ್‌ನಲ್ಲಿ ಓಡಿಸಬಹುದು. ಒಂದು ಫಂಕ್ಷನ್ ವಿವರಿಸಲು, ಒಂದು ಕಮಾಂಡ್ ನೆನಪಿಸಲು ಅಷ್ಟು ಸಾಕು. ಹತ್ತಾರು ಫೈಲ್‌ಗಳ ಕೆಲಸ ಅದರಿಂದಾಗದು. ಬ್ಯಾಟರಿಯನ್ನೂ ಬೇಗ ಕುಡಿಯುತ್ತದೆ, ಆದ್ದರಿಂದ ಕರೆಂಟ್ ಇದ್ದು ನೆಟ್ ಮಾತ್ರ ಹೋದ ದಿನಕ್ಕೆ ಇಟ್ಟುಕೊಳ್ಳಿ.