ಅವ್ವ ಸಿಕ್ಕಿಸಿದ ಪಿನ್ನು

ಮಂಡ್ಯದಿಂದ ಮೈಸೂರಿಗೆ ಕಾಲೇಜಿಗೆ ಹೋಗುತ್ತಿದ್ದಾಗ ಅವ್ವ ನನ್ನ ದುಪಟ್ಟಾಕ್ಕೆ ಒಂದು ಪಿನ್ನು ಜಾಸ್ತಿಯೇ ಸಿಕ್ಕಿಸುತ್ತಿದ್ದಳು. ಯಾಕೆ ಅಂತ ಬಾಯಿಬಿಟ್ಟು ಹೇಳಲಿಲ್ಲ. ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಬಸ್ಸಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಹಿಂದಿನಿಂದ ಒಂದು ಕೈ ಸೊಂಟಕ್ಕೆ ಬಂದ ದಿನ ಅರ್ಥವಾಯಿತು. ಪಿನ್ನು ಬಿಚ್ಚಿ ಚುಚ್ಚಿದೆ. ಕೈ ಸರಕ್ಕನೆ ಹಿಂದೆ ಹೋಯಿತು.

ಆ ‘ಸರಕ್ಕನೆ’ಯಲ್ಲೇ ವಿಜ್ಞಾನ ಇರುವುದು. ಚುಚ್ಚಿದ ಸುದ್ದಿ ಮಿದುಳಿಗೆ ಮುಟ್ಟಲಿ ಅಂತ ದೇಹ ಕಾಯುವುದಿಲ್ಲ. ಬೆನ್ನುಹುರಿಯೇ ಸ್ನಾಯುಗಳಿಗೆ ‘ಎಳ್ಕೋ’ ಅಂದುಬಿಡುತ್ತದೆ. ನೋವು ಗೊತ್ತಾಗುವುದು ಆಮೇಲೆ. ಪಿನ್ನಿನ ತುದಿ ಎಷ್ಟು ಸಣ್ಣದೆಂದರೆ, ಮೆಲ್ಲಗೆ ಒತ್ತಿದರೂ ಅಷ್ಟೂ ಬಲ ಒಂದೇ ಚುಕ್ಕೆಯ ಮೇಲೆ ಬೀಳುತ್ತದೆ.

ತಮಾಷೆ ಏನು ಗೊತ್ತಾ? 1849ರಲ್ಲಿ ಈ ಸೇಫ್ಟಿ ಪಿನ್ನಿಗೆ ಪೇಟೆಂಟ್ ಪಡೆದ ಅಮೆರಿಕದ ವಾಲ್ಟರ್ ಹಂಟ್‌ಗೆ ಬೇಕಿದ್ದದ್ದು ಬೆರಳಿಗೆ ಚುಚ್ಚದ ಪಿನ್ನು! ಮುಂದೆ ಅದೇ ದೇಶದಲ್ಲಿ, ಮೈಮೇಲೆ ಬಿದ್ದವರನ್ನು ಹೆಂಗಸರು ಟೋಪಿಯ ಉದ್ದನೆಯ ಪಿನ್ನಿನಿಂದ ತಿವಿಯುತ್ತಿದ್ದರು. 1910ರಲ್ಲಿ ಷಿಕಾಗೊ ನಗರ ಒಂಬತ್ತು ಇಂಚಿಗಿಂತ ಉದ್ದದ ಟೋಪಿ ಪಿನ್ನುಗಳಿಗೆ ನಿಷೇಧ ಹಾಕಿತು. ಪಿನ್ನು ಅಳೆಯುವುದಕ್ಕೆ ಅದೆಂಥ ಉತ್ಸಾಹ ಅಂತೀರಿ!

ಈಗ ಅಕ್ಕನ ಮಗಳ ಬ್ಯಾಗಿನಲ್ಲಿ ಪೆಪ್ಪರ್ ಸ್ಪ್ರೇ ಇದೆ. ಹೆಸರಿಗೆ ಪೆಪ್ಪರ್, ಒಳಗಿರುವುದು ಕಾಳುಮೆಣಸಲ್ಲ, ಮೆಣಸಿನಕಾಯಿಯ ಕ್ಯಾಪ್ಸೈಸಿನ್. ನಮ್ಮ ನರಗಳಲ್ಲಿ ಬಿಸಿ ತಗುಲಿದಾಗ ತೆರೆಯುವ ಪುಟ್ಟ ಬಾಗಿಲುಗಳಿವೆ. ಬಿಸಿಯೇ ಇಲ್ಲದೆ ಕ್ಯಾಪ್ಸೈಸಿನ್ ಅವನ್ನು ತೆರೆಸುತ್ತದೆ. ಸುಟ್ಟಿತು ಅಂತ ನರ ನಂಬುತ್ತದೆ, ಕಣ್ಣು ಮುಚ್ಚಿಕೊಳ್ಳುತ್ತದೆ. ಈ ಬಾಗಿಲನ್ನು ಪತ್ತೆಹಚ್ಚಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಹಂಚಿಕೊಂಡರು. ಆದರೆ ಎದುರುಗಾಳಿ ಬೀಸಿದರೆ ಉರಿ ನಮ್ಮ ಕಣ್ಣಿಗೇ. ತುಂಬಿದ ಬಸ್ಸಿನಲ್ಲಿ ಹೊಡೆದರೆ ಕಂಡಕ್ಟರ್ ಸಮೇತ ಎಲ್ಲರಿಗೂ. ಮೊನ್ನೆ ನೋಡಿದರೆ ಅವಳ ಡಬ್ಬಿಯ ಎಕ್ಸ್‌ಪೈರಿ ಡೇಟ್ ಕೂಡ ಮುಗಿದಿತ್ತು.

ಫೋನಿನ ಪ್ಯಾನಿಕ್ ಬಟನ್ನೂ ಇದೆ. 2017ರಿಂದ ಕಡ್ಡಾಯ. ಬಟನ್ ಫೋನಾದರೆ 5 ಅಥವಾ 9 ಒತ್ತಿ ಹಿಡಿಯಬೇಕು. ಸಹಾಯಕ್ಕೆ 112 ಇದೆ. ಆದರೆ ಒತ್ತಿದ ಮೇಲೆ ಯಾರೋ ಬರುವ ತನಕ ಕಾಯಬೇಕಲ್ವಾ? ಪಿನ್ನಿಗೆ ಆ ರಗಳೆ ಇಲ್ಲ.

ಇವೆಲ್ಲ ಗುರುತಿಲ್ಲದವನಿಗಾಗಿ ಮಾಡಿದ್ದು. ನಮ್ಮ ದೇಶದ ಅಪರಾಧ ದಾಖಲೆ ತೆಗೆದು ನೋಡಿ, ಅತ್ಯಾಚಾರದ ಹತ್ತು ಪ್ರಕರಣಗಳಲ್ಲಿ ಒಂಬತ್ತಕ್ಕೂ ಹೆಚ್ಚರಲ್ಲಿ ಆರೋಪಿ ಗುರುತಿನವನೇ. ಕಾಫಿ ಲೋಟ ಈಸಿಕೊಳ್ಳುವಾಗ ಬೆರಳು ಸವರುವ ನೆಂಟನಿಗೆ ಯಾವ ಬಟನ್ ಒತ್ತುವುದು? ಅದನ್ನು ಅವ್ವನೂ ಹೇಳಲಿಲ್ಲ.